ಗುಡುಗು ಹುಟ್ಟಿದ ಊರಿನಲ್ಲಿ ಮೆಲುದನಿ

ಲಂಡನ್ನಿನ ಪ್ಯಾಡಿಂಗ್‌ಟನ್ ನಿಲ್ದಾಣದಿಂದ ಪಶ್ಚಿಮಕ್ಕೆ ಹೊರಟ ರೈಲು ಈಲಿಂಗ್ ದಾಟಿ ಹ್ಯಾನ್‌ವೆಲ್ ಎಂಬ ಚಿಕ್ಕ ನಿಲ್ದಾಣವನ್ನು ಸೇರುತ್ತದೆ. ಸಮೀಪದಲ್ಲಿಯೇ ಬ್ರೆಂಟ್ ನದಿಯ ಕಣಿವೆಗೆ ಅಡ್ಡಲಾಗಿ ಬ್ರೂನೆಲ್ ಎಂಬ ಇಂಜಿನಿಯರ್ ಕಟ್ಟಿಸಿದ ಎಂಟು ಕಮಾನುಗಳ ಸೇತುವೆಯುಂಟು. ಬಾಲಕ ಚಾರ್ಲಿ ಚಾಪ್ಲಿನ್ ಬಡಮಕ್ಕಳ ಶಾಲೆಯಲ್ಲಿ ಕೆಲಕಾಲ ಕಳೆದುದೂ ಈ ಊರಿನಲ್ಲಿಯೇ. ಇಲ್ಲಿನ ಹಳೆಯ ಬೀದಿಗಳಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು; ಎರಡು ಸಂಸಾರಗಳ ನಡುವೆ ಒಂದೇ ಗೋಡೆ. ನಮ್ಮ ವಠಾರಗಳಲ್ಲಿ ಬಾಳಿದವರಿಗೆ ಇದರ ಸುಖದುಃಖಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂತಹ ಊರಿನಲ್ಲಿಯೇ ಗಿಟಾರಿನ ದನಿಯನ್ನು ಗುಡುಗಾಗಿಸುವ ಯಂತ್ರವೊಂದು ಹುಟ್ಟಿತೆಂಬುದು ಸೋಜಿಗದ ಸಂಗತಿ.

ಅಕ್ಸ್‌ಬ್ರಿಜ್ ರಸ್ತೆಯ 76ನೆಯ ನಂಬರಿನ ಕಟ್ಟಡದಲ್ಲಿ 1960ರಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ವಾದಕರು ವಾದ್ಯಗಳ ಅಂಗಡಿ ತೆರೆದರು. ಡ್ರಮ್ ಕೊಳ್ಳಲು ಬಂದವರ ಹಿಂದೆಯೇ ಗಿಟಾರಿನ ತರುಣರೂ ಬಂದರು. ಅಮೆರಿಕದ ಫೆಂಡರ್ ಆಂಪ್ಲಿಫೈಯರುಗಳು ಅವರಿಗೆ ದುಬಾರಿ. ಮಾರ್ಷಲ್ಲರ ಸಹಾಯಕರಾದ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್, ಫೆಂಡರಿನ ಬಾಸ್‌ಮನ್ ಮಾದರಿಯನ್ನು ಅನುಸರಿಸಿ 1962ರಲ್ಲಿ 'ಜೆಟಿಎಂ 45' ಎಂಬ ಯಂತ್ರವನ್ನು ಸಿದ್ಧಪಡಿಸಿದರು. 1965ರಲ್ಲಿ 'ದಿ ಹೂ' ತಂಡದ ಒತ್ತಾಯಕ್ಕೆ 100 ವಾಟಿನ ಯಂತ್ರವೂ ಬಂದಿತು. ಸಭೆಯ ಗದ್ದಲವನ್ನು ಮೀರಿಸಬೇಕಾದವರಿಗೆ ಅದೊಂದು ವರವೇ ಆಯಿತು.

ಈ ಯಂತ್ರದ ಜೀವವೆಲ್ಲ ಗಾಜಿನ ವಾಲ್ವುಗಳಲ್ಲಿ. ನಮ್ಮ ಹಿರಿಯರ ಮನೆಯ ರೇಡಿಯೊದೊಳಗೆ, ಗುಂಡಿ ತಿರುಗಿಸಿ ಕೊಂಚ ಹೊತ್ತು ಕಾದ ಮೇಲೆ ಕೆಂಪಗೆ ಬೆಳಗುತ್ತಿದ್ದ ವಾಲ್ವುಗಳ ಬಳಗದವೇ ಇವು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಗೆ ತೊಡಗಿತ್ತು. ಮಿತಿಮೀರಿ ದುಡಿಸಿದಾಗ ವಾಲ್ವು ನಾದವನ್ನು ಇದ್ದಂತೆ ಹಿಗ್ಗಿಸಲಾರದು. ಅಲೆಯ ನೆತ್ತಿ ಚಪ್ಪಟೆಯಾಗಿ, ಮೂಲಸ್ವರದೊಡನೆ ಹೊಸ ಉಪಸ್ವರಗಳು ಬೆರೆಯುತ್ತವೆ. ರೇಡಿಯೊ ತಯಾರಕನಿಗೆ ಅದು ದೋಷ. ಗಿಟಾರ್ ವಾದಕನಿಗೆ ಅದೇ ಮಾಧುರ್ಯ. 1966ರಲ್ಲಿ ಎರಿಕ್ ಕ್ಲಾಪ್ಟನ್ ಡೆಕ್ಕಾ ಸ್ಟುಡಿಯೊದಲ್ಲಿ ಮಾರ್ಷಲ್ ಯಂತ್ರವನ್ನು ಸಭೆಯಲ್ಲಿಡುವಷ್ಟೇ ಗಟ್ಟಿಯಾಗಿಟ್ಟು ನುಡಿಸಿದ ಮೇಲಂತೂ ಆ ದನಿಗೆ ಮರುಳಾಗದ ತರುಣರು ವಿರಳ.

ತೊಡಕಿರುವುದು ಮನೆಯಲ್ಲಿ. ದನಿ ತಗ್ಗಿಸಿದರೆ ಮಾಧುರ್ಯ ಮಾಯ; ಏರಿಸಿದರೆ ನೆರೆಮನೆಯ ಮಗುವಿನ ನಿದ್ದೆ ಮಾಯ. 100 ವಾಟಿನ ಬದಲು 50 ವಾಟಿನದನ್ನು ಕೊಂಡರಾಯಿತೆಂದು ಬಗೆದವರು ಮೋಸಹೋಗುತ್ತಾರೆ. ಶಕ್ತಿ ಅರ್ಧವಾದರೆ ಸದ್ದು ಇಳಿಯುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅರ್ಧವೆನಿಸಬೇಕಾದರೆ ಸುಮಾರು 10 ವಾಟಿಗೆ ಇಳಿಯಬೇಕು. 1 ವಾಟಿಗೆ ಇಳಿದರೂ ಕಾಲು ಪಾಲು ಉಳಿದೇ ಇರುತ್ತದೆ. ಮಾರ್ಷಲ್ ಕಂಪನಿಯೇ ತನ್ನ ಸುವರ್ಣ ಮಹೋತ್ಸವದ ವರ್ಷವಾದ 2012ರಲ್ಲಿ 1 ವಾಟಿನ ವಾಲ್ವ್ ಯಂತ್ರಗಳನ್ನು ಹೊರತಂದಿತು. ಜಿಮ್ ಮಾರ್ಷಲ್ 88ನೆಯ ವಯಸ್ಸಿನಲ್ಲಿ ಕಾಲವಾದುದೂ ಆ ವರ್ಷವೇ. ಆದರೆ ನಡುರಾತ್ರಿಯಲ್ಲಿ ಆ 1 ವಾಟು ಕೂಡ ತೆಳುಗೋಡೆಯ ಮನೆಗೆ ಹೆಚ್ಚೇ.

ಹಾಗಾದರೆ ಉಪಾಯವೇನು? ದನಿಯ ಗುಂಡಿಗಳು ಎರಡಿದ್ದರೆ ಮೊದಲನೆಯದನ್ನು ಏರಿಸಿ, 'ಮಾಸ್ಟರ್' ಎಂಬುದನ್ನು ಇಳಿಸಬಹುದು. ಮೊದಲ ವಾಲ್ವುಗಳಷ್ಟೇ ಬೆವರುತ್ತವೆ. ಇಲ್ಲವೇ ಯಂತ್ರಕ್ಕೂ ಸ್ಪೀಕರಿಗೂ ನಡುವೆ 'ಅಟೆನ್ಯುಯೇಟರ್' ಜೋಡಿಸಬಹುದು. ಅದು ಶಕ್ತಿಯ ಬಹುಭಾಗವನ್ನು ಶಾಖವಾಗಿಸಿ ಕಳೆಯುತ್ತದೆ. ಸ್ಪೀಕರನ್ನು ನೆಲದಿಂದೆತ್ತಿ, ಗೋಡೆಯಿಂದ ಸರಿಸಿಟ್ಟರೆ ಮಂದ್ರಸ್ವರದ ಅದುರು ಪಕ್ಕದ ಮನೆಗೆ ಅಷ್ಟಾಗಿ ಹರಿಯದು. ಇಷ್ಟಾದರೂ ದನಿ ಸಪ್ಪೆಯೆನಿಸಿದರೆ ಯಂತ್ರವನ್ನು ಹಳಿಯಬೇಡಿರಿ. ಸದ್ದು ಕುಗ್ಗಿದಾಗ ನಮ್ಮ ಕಿವಿಯೇ ಮಂದ್ರಸ್ವರವನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿದ್ದಾರೆ. ಒಂದು ಎಚ್ಚರಿಕೆ: ಮೌನ ಬೇಕೆಂದು ಸ್ಪೀಕರಿನ ತಂತಿಯನ್ನು ಕಿತ್ತು ನುಡಿಸಲಾಗದು, ಯಂತ್ರದ ಟ್ರಾನ್ಸ್‌ಫಾರ್ಮರು ಸುಟ್ಟುಹೋದೀತು.

ಇಂಗ್ಲೆಂಡಿನ 1996ರ ಶಬ್ದ ಕಾಯಿದೆಯು ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ, ನಿಶ್ಶಬ್ದವಾದ ನೆರೆಮನೆಯೊಳಗೆ ಕೇಳಿಬರುವ ಸದ್ದಿಗೆ 34 ಡೆಸಿಬೆಲ್ ಮಿತಿಯನ್ನು ಗೊತ್ತುಪಡಿಸಿದೆ. ಆದರೆ ಕಾಯಿದೆಗಿಂತ ಮೊದಲು ಮಾಡಬಹುದಾದ ಪರೀಕ್ಷೆಯೊಂದುಂಟು. ಗಿಟಾರನ್ನು ಗೆಳೆಯನ ಕೈಗಿತ್ತು, ಪಕ್ಕದ ಮನೆಯವರ ಅನುಮತಿ ಪಡೆದು, ಅವರ ಮಲಗುವ ಕೋಣೆಯಲ್ಲಿ ಐದು ನಿಮಿಷ ಕುಳಿತು ಆಲಿಸಿರಿ. ಗುಂಡಿಯನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಆ ಗೋಡೆಯೇ ತಿಳಿಸುತ್ತದೆ.