ಪ್ಯಾರಿಸ್ಸಿನ ಚಳಿಗಾಲದ ಕ್ರೀಡಾಮಂದಿರ

ಪ್ಯಾರಿಸ್ ಪಟ್ಟಣಕ್ಕೆ ಹೋದವರು ಐಫೆಲ್ ಗೋಪುರವನ್ನು ನೋಡದೆ ಹಿಂದಿರುಗುವುದಿಲ್ಲ. ಆ ಗೋಪುರದ ಬುಡದಿಂದ ಸೇನ್ ನದಿಯ ದಡವನ್ನು ಹಿಡಿದು ನೈರುತ್ಯದ ಕಡೆಗೆ ಸ್ವಲ್ಪ ದೂರ ನಡೆದರೆ ಗ್ರೆನೆಲ್ ಎಂಬ ಪೇಟೆ ಸಿಕ್ಕುವುದು. ಅಲ್ಲಿ ಬೀದಿಯ ನಡುವೆ ಎತ್ತರವಾದ ಕಂಬಗಳ ಮೇಲೆ ರೈಲು ಓಡುತ್ತದೆ. ಅದರ ಪಕ್ಕದ ನೆಲಾತೋಂ ಬೀದಿಯಲ್ಲಿ ಒಂದು ಚಿಕ್ಕ ತೋಟವೂ, ಸಾಲುಸಾಲಾಗಿ ಹೆಸರುಗಳನ್ನು ಬರೆದ ಒಂದು ಗೋಡೆಯೂ ಇವೆ. ಹೆಸರುಗಳ ಸಂಖ್ಯೆ ೪,೧೧೫. ಎಲ್ಲವೂ ಮಕ್ಕಳ ಹೆಸರುಗಳು. ಹಿಂದೆ ಇದೇ ಎಡೆಯಲ್ಲಿ ಆ ಪಟ್ಟಣದ ಬಹು ಸಡಗರದ ಕ್ರೀಡಾಮಂದಿರವೊಂದಿತ್ತು. ಆಟದ ಮನೆಗೂ ಮಕ್ಕಳ ಹೆಸರಿನ ಗೋಡೆಗೂ ಏನು ಸಂಬಂಧವೆಂಬುದನ್ನು ವಾಚಕರಿಗೆ ತಿಳಿಸುವುದು ನಮ್ಮ ಉದ್ದೇಶ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಫ್ರೆಂಚರಿಗೆ ಬೈಸಿಕಲ್ ಪಂದ್ಯದ ಹುಚ್ಚು ಬಲವಾಗಿ ಹಿಡಿದಿತ್ತು. ಫ್ರಾನ್ಸ್ ದೇಶವನ್ನೇ ಸುತ್ತಿ ಬರುವ ಹೆಸರಾಂತ ಪಂದ್ಯವನ್ನು ೧೯೦೩ರಲ್ಲಿ ಆರಂಭಿಸಿದ ಪತ್ರಿಕಾಸಂಪಾದಕ ಆಂರಿ ದೆಗ್ರಾಂಜನು, ಚಳಿಗಾಲದಲ್ಲಿಯೂ ಪಂದ್ಯ ನಡೆಯಬೇಕೆಂದು ಬಯಸಿದನು. ೧೮೮೯ರ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ್ದ ಭಾರಿ ಯಂತ್ರಶಾಲೆಯೊಂದು ಗೋಪುರದ ಸಮೀಪದಲ್ಲಿತ್ತು. ಅದರೊಳಗೆ ಮೊದಲ ಪಥವನ್ನು ಹಾಕಿದರು. ಕೆಲವು ವರ್ಷಗಳಲ್ಲಿ ಯಂತ್ರಶಾಲೆಯನ್ನು ಕೆಡವಬೇಕಾಗಿ ಬಂದುದರಿಂದ, ಗ್ರೆನೆಲ್ ಪೇಟೆಯಲ್ಲಿ ಹೊಸ ಮಂದಿರ ಎದ್ದಿತು. ೧೯೧೦ರ ಫೆಬ್ರವರಿಯಲ್ಲಿ ಅದು ತೆರೆಯಿತು. ‘ವೆಲೋದ್ರೋಮ್ ದಿವೇರ್’ ಎಂದು ಅದರ ಹೆಸರು. ಚಳಿಗಾಲದ ಬೈಸಿಕಲ್ ಪಂದ್ಯಶಾಲೆ ಎಂದರ್ಥ. ಜನ ಅದನ್ನು ಮೊಟಕುಮಾಡಿ ‘ವೆಲ್ ದಿವ್’ ಎಂದು ಕರೆದರು. ಸುಮಾರು ೨೫೦ ಮೀಟರ್ ಸುತ್ತಿನ ಮರದ ಪಥ, ತಿರುವುಗಳಲ್ಲಿ ಗೋಡೆಯಂತೆ ಏರುವ ಇಳಿಜಾರು, ಮೇಲೆ ದೊಡ್ಡ ಗಾಜಿನ ಚಾವಣಿ, ಸುತ್ತಲೂ ಸುಮಾರು ಹದಿನೇಳು ಸಾವಿರ ಮಂದಿಗೆ ಸ್ಥಳ. ಇದು ಅದರ ಸ್ವರೂಪ.

೧೯೧೩ರಿಂದ ಅಲ್ಲಿ ಆರು ದಿನದ ಪಂದ್ಯಗಳು ಆರಂಭವಾದುವು. ನ್ಯೂಯಾರ್ಕಿನಲ್ಲಿ ಬಳಕೆಗೆ ಬಂದಿದ್ದ ಕ್ರಮದಂತೆ ಇಬ್ಬಿಬ್ಬರು ಜೋಡಿಯಾಗುವರು. ಒಬ್ಬನು ಓಡಿಸುವಾಗ ಇನ್ನೊಬ್ಬನು ವಿಶ್ರಮಿಸುವನು. ಹೀಗೆ ಆರು ಹಗಲು ಆರು ರಾತ್ರಿ ಚಕ್ರ ನಿಲ್ಲದು. ಪಥದ ನಡುವಣ ಅಂಗಳದಲ್ಲಿ ಸಿರಿವಂತರು ಮೇಜು ಹಾಕಿಸಿಕೊಂಡು ಭೋಜನ ಮಾಡುತ್ತ ನೋಡುವರು. ಮೇಲಿನ ಅಟ್ಟಗಳಲ್ಲಿ ಕೂಲಿಕಾರರೂ ಗುಮಾಸ್ತರೂ ರೊಟ್ಟಿಯ ಗಂಟನ್ನು ಬಿಚ್ಚಿಕೊಂಡು ಬೆಳಗಿನ ಜಾವದವರೆಗೆ ಕೂಗಾಡುವರು. ೧೯೨೪ರ ಒಲಿಂಪಿಕ್ ಕೂಟದಲ್ಲಿ ಮುಷ್ಟಿಯುದ್ಧ, ಕುಸ್ತಿ, ಭಾರ ಎತ್ತುವಿಕೆಗಳು ಇಲ್ಲಿಯೇ ನಡೆದುವು. ೧೯೩೧ರಲ್ಲಿ ಅಮೆರಿಕದ ಜೆಫ್ ಡಿಕ್ಸನ್ ಇದರ ಆಡಳಿತವನ್ನು ವಹಿಸಿಕೊಂಡ ಮೇಲೆ ಹಿಮದ ಮೇಲಣ ಆಟಗಳೂ ಬಂದುವು. ಸರ್ಕಸ್ಸು, ರಾಜಕೀಯ ಸಭೆ, ಎಲ್ಲಕ್ಕೂ ಈ ಒಂದೇ ಚಾವಣಿ ಸಾಕಾಗುತ್ತಿತ್ತು.

ಸಾವಿರಾರು ಜನರನ್ನು ಒಮ್ಮೆಗೇ ಒಳಗೆ ಬಿಟ್ಟುಕೊಂಡು ಬಾಗಿಲು ಮುಚ್ಚಬಹುದಾದ ಕಟ್ಟಡ ಪಟ್ಟಣದ ನಡುವೆ ಇದ್ದರೆ, ಅದನ್ನು ಬೇರೆ ಕೆಲಸಕ್ಕೂ ಬಳಸಬಹುದೆಂದು ಅಧಿಕಾರಿಗಳಿಗೆ ತೋರಿತು. ೧೯೪೦ರ ಮೇ ತಿಂಗಳಲ್ಲಿ ಫ್ರೆಂಚ್ ಸರ್ಕಾರವೇ ಜರ್ಮನಿಯಿಂದ ಓಡಿಬಂದಿದ್ದ ಹೆಂಗಸರನ್ನು ಶತ್ರುದೇಶದವರೆಂದು ಇಲ್ಲಿ ಕೂಡಿಹಾಕಿತು. ಮುಂದೆ ಲೋಕಪ್ರಸಿದ್ಧ ಚಿಂತಕಿಯಾದ ಹಾನಾ ಅರೆಂಟ್ ಅವರಲ್ಲಿ ಒಬ್ಬರು. ಎರಡು ವರ್ಷಗಳ ತರುವಾಯ ಇದಕ್ಕಿಂತ ಘೋರವಾದುದು ನಡೆಯಿತು. ಆಗ ಪ್ಯಾರಿಸ್ ಜರ್ಮನರ ವಶದಲ್ಲಿತ್ತು. ೧೯೪೨ರ ಜುಲೈ ೧೬ರ ಮುಂಜಾನೆ ಪೋಲೀಸರು ಯೆಹೂದ್ಯರ ಮನೆಗಳ ಬಾಗಿಲು ತಟ್ಟಿದರು. ಯೋಜನೆ ಜರ್ಮನರೊಡನೆ ಕೂಡಿ ಮಾಡಿದ್ದು. ಬಂಧಿಸಿದವರು ಫ್ರೆಂಚ್ ಪೋಲೀಸರು. ಅವರ ಪಟ್ಟಿಯಲ್ಲಿ ಸುಮಾರು ೨೭,೦೦೦ ಹೆಸರುಗಳಿದ್ದುವು. ಸುದ್ದಿ ಮೊದಲೇ ಹೊರಬಿದ್ದುದರಿಂದಲೂ, ಕೆಲವು ಪೋಲೀಸರೇ ಗುಟ್ಟಾಗಿ ಎಚ್ಚರಿಸಿದುದರಿಂದಲೂ ಅನೇಕರು ತಪ್ಪಿಸಿಕೊಂಡರು. ಎರಡು ದಿನಗಳಲ್ಲಿ ಸಿಕ್ಕಿಬಿದ್ದವರು ೧೩,೧೫೨ ಮಂದಿ. ಮಕ್ಕಳಿಲ್ಲದವರನ್ನು ದ್ರಾಂಸಿ ಶಿಬಿರಕ್ಕೆ ಒಯ್ದರು. ಮಕ್ಕಳೊಂದಿಗರನ್ನು, ಎಂಟು ಸಾವಿರಕ್ಕೂ ಹೆಚ್ಚು ಜನರನ್ನು, ಈ ಕ್ರೀಡಾಮಂದಿರದೊಳಕ್ಕೆ ತಂದು ತುಂಬಿದರು.

ವಿಮಾನದಾಳಿಯ ಭಯದಿಂದ ಗಾಜಿನ ಚಾವಣಿಗೆ ಗಾಢನೀಲಿ ಬಣ್ಣ ಬಳಿದಿದ್ದರು. ನಡುಬೇಸಗೆಯ ಸೆಕೆ, ಕಿಟಕಿಗಳನ್ನು ತೆರೆಯುವಂತಿರಲಿಲ್ಲ. ಶೌಚಗೃಹಗಳಲ್ಲಿ ಹಲವನ್ನು ಮುಚ್ಚಿದ್ದರು. ಕುಡಿಯುವ ನೀರಿಗೆ ತೀರ ಅಭಾವ. ವೈದ್ಯರೂ ದಾದಿಯರೂ ಕೆಲವೇ ಮಂದಿ. ಅಲ್ಲಿ ಕಾವಲಿಗಿದ್ದ ಬೆಂಕಿ ಆರಿಸುವ ದಳದವರು ತಮ್ಮ ಕೊಳವೆಗಳನ್ನು ಬಿಚ್ಚಿ ಜನರಿಗೆ ನೀರು ಕೊಟ್ಟರು. ಬಂದಿಗಳು ಬರೆದ ಚೀಟಿಗಳನ್ನು ಹೊರಗೆ ಒಯ್ದು ಅಂಚೆಗೆ ಹಾಕಿದರು. ಆ ಮಂದಿರದೊಳಗೆ ಆ ದಿನಗಳಲ್ಲಿ ಕಂಡ ದಯೆ ಅಲ್ಪವೇ. ಐದಾರು ದಿನಗಳಲ್ಲಿ ಎಲ್ಲರನ್ನೂ ಪಿತಿವಿಯೇ, ಬೋನ್-ಲಾ-ರೋಲಾಂದ್ ಎಂಬ ಶಿಬಿರಗಳಿಗೆ ಸಾಗಿಸಿದರು. ಅಲ್ಲಿ ತಾಯಂದಿರನ್ನು ಮಕ್ಕಳಿಂದ ಕಿತ್ತು ಮೊದಲು ಔಷ್ವಿಟ್ಸಿಗೆ ಕಳುಹಿಸಿದರು. ಮಕ್ಕಳನ್ನು ಆಮೇಲೆ ಪ್ರತ್ಯೇಕವಾಗಿ ಕಳುಹಿಸಿದರು. ಅಲ್ಲಿಂದ ಹಿಂದಿರುಗಿದವರು ಅತ್ಯಲ್ಪ.

ಯುದ್ಧ ಮುಗಿಯಿತು. ಅದೇ ಪಥದ ಮೇಲೆ ಮತ್ತೆ ಚಕ್ರಗಳು ಓಡಿದುವು. ಅದೇ ಅಟ್ಟಗಳಲ್ಲಿ ಜನ ಮತ್ತೆ ಕುಳಿತರು. ಆರು ದಿನದ ಕೊನೆಯ ಪಂದ್ಯ ೧೯೫೮ರಲ್ಲಿ ನಡೆಯಿತು. ಮರುವರ್ಷ ಮಂದಿರದ ಒಂದು ಭಾಗಕ್ಕೆ ಬೆಂಕಿ ಬಿದ್ದು, ಉಳಿದುದನ್ನೂ ಕೆಡವಿದರು. ಆಟದ ಸಡಗರವನ್ನು ನೆನೆಯುವವರು ಬಹಳ ಮಂದಿ ಇದ್ದರು. ಆ ಜುಲೈ ತಿಂಗಳ ಮಾತನ್ನು ಸರ್ಕಾರ ಬಹುಕಾಲ ಎತ್ತಲಿಲ್ಲ. ಎತ್ತಿದರೂ, ಅದು ನಿಜವಾದ ಫ್ರಾನ್ಸ್ ಮಾಡಿದ ಕೆಲಸವಲ್ಲವೆಂದು ಹೇಳುತ್ತಿತ್ತು. ಬಂಧುಗಳನ್ನು ಕಳೆದುಕೊಂಡವರೂ ಇತಿಹಾಸಕಾರರೂ ಬಿಡದೆ ದುಡಿದರು. ೧೯೯೪ರಲ್ಲಿ ನದಿಯ ದಡದಲ್ಲಿ ಸ್ಮಾರಕವಾಯಿತು. ೧೯೯೫ರ ಜುಲೈ ೧೬ರಂದು ಅಧ್ಯಕ್ಷ ಜಾಕ್ ಶಿರಾಕ್, ಈ ಅಪರಾಧದಲ್ಲಿ ಫ್ರೆಂಚ್ ರಾಜ್ಯವೇ ಕೈಜೋಡಿಸಿತೆಂದು ಬಹಿರಂಗವಾಗಿ ಒಪ್ಪಿಕೊಂಡರು. ನಾವು ಮೊದಲು ಹೇಳಿದ ಮಕ್ಕಳ ತೋಟ ೨೦೧೭ರಲ್ಲಿ ಆಯಿತು.

ಪ್ಯಾರಿಸ್ಸಿನವರು ಆಟವನ್ನು ಬಿಟ್ಟವರಲ್ಲ. ೧೯೮೪ರಲ್ಲಿ ಬೆರ್ಸಿ ಎಂಬಲ್ಲಿ ಹಲವು ಆಟಗಳಿಗೆ ಒದಗುವ ಹೊಸ ಮಂದಿರ ತೆರೆಯಿತು. ಆರು ದಿನದ ಪಂದ್ಯಗಳೂ ಕೆಲವು ವರ್ಷ ಅಲ್ಲಿ ನಡೆದುವು. ೨೦೨೪ರ ಒಲಿಂಪಿಕ್ ಕೂಟದಲ್ಲಿ ಅದು ಪ್ರೇಕ್ಷಕರಿಂದ ತುಂಬಿತ್ತು. ಇದು ತಕ್ಕುದೇ. ಜನ ಒಂದೆಡೆ ಕಲೆತು ನಲಿಯಲು ಮಂದಿರಗಳು ಬೇಕು.

ಕಲ್ಲಿಗೂ ಮರಕ್ಕೂ ಪಾಪಪುಣ್ಯಗಳಿಲ್ಲ; ಬಾಗಿಲಿನ ಕೀಲಿ ಯಾರ ಕೈಯಲ್ಲಿದೆ, ಅವರು ಯಾರ ಮಾತಿಗೆ ತಲೆಬಾಗುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ಮಕ್ಕಳಿಗೆ ದೇಶಾಂತರದ ಪಟ್ಟಣಗಳ ಕಥೆ ಹೇಳುವಾಗ, ಗೋಪುರದ ಎತ್ತರದೊಡನೆ ಅದರ ನೆರೆಯ ಈ ಸಣ್ಣ ತೋಟದ ವಿಷಯವನ್ನೂ ಹೇಳುವುದು ಒಳ್ಳೆಯದು. ಆ ಗೋಡೆಯ ಮೇಲೆ ಇರುವವರು ಅವರ ವಯಸ್ಸಿನವರೇ.