ಹಗುರ ಕೋವಿಯ ತೂಕ

ಬೆಲೆಬಾಳುವುದೆಂದರೆ ಭಾರವಾದದ್ದು ಎಂಬುದು ಲೋಕರೂಢಿ. ಚಿನ್ನವಿರಲಿ, ಹಿತ್ತಾಳೆಯ ಹಂಡೆಯಿರಲಿ, ತಕ್ಕಡಿಯೇ ಬೆಲೆ ಹೇಳುತ್ತದೆ. ಇಂಗ್ಲೆಂಡಿನ ಹಳೆಯ ಜೋಡುನಳಿಗೆ ಕೋವಿಗಳ ವಿಷಯದಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗು. ಅಲ್ಲಿನ ಹರಾಜಿನ ಪಟ್ಟಿಗಳಲ್ಲಿ ತಯಾರಕರ ಹೆಸರಿನ ಜೊತೆಗೇ ಕೋವಿಯ ತೂಕವನ್ನೂ ಪೌಂಡು-ಔನ್ಸುಗಳಲ್ಲಿ ಅಚ್ಚು ಮಾಡಿರುತ್ತಾರೆ. 12 ಬೋರಿನ ಕೋವಿ ಆರೂವರೆ, ಆರೂಮುಕ್ಕಾಲು ಪೌಂಡು, ಅಂದರೆ ಮೂರು ಕಿಲೋ ಆಸುಪಾಸು ತೂಗುವುದು ವಾಡಿಕೆ. ಆರು ಪೌಂಡಿಗಿಂತ ಕೆಳಗಿಳಿದರೆ ಸಂಗ್ರಹಕಾರರ ಕಿವಿ ನೆಟ್ಟಗಾಗುತ್ತದೆ.

ಬೋರ್ ಎಂಬ ಲೆಕ್ಕವೇ ವಿದ್ಯಾರ್ಥಿಗಳಿಗೆ ಸೋಜಿಗವೆನಿಸೀತು. ನಳಿಗೆಯೊಳಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಪೌಂಡಿಗೆ ಹನ್ನೆರಡು ಬಂದರೆ ಅದು 12 ಬೋರು, ಇಪ್ಪತ್ತು ಬಂದರೆ 20 ಬೋರು. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು!

ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಗ್ರೌಸ್ ಹಕ್ಕಿಯ ಬೇಟೆಗೆ ದಿನವಿಡೀ ನಡೆಯುವವನಿಗೆ ಅರ್ಧ ಪೌಂಡು ಕಡಿಮೆಯಾದರೂ ಅದೊಂದು ಉಪಕಾರ. ಹಾಗೆಂದು ಮನಬಂದಷ್ಟು ತೂಕ ಇಳಿಸುವಂತಿಲ್ಲ. ಅಲ್ಲಿ ನ್ಯೂಟನ್ ಅಡ್ಡ ಬರುತ್ತಾನೆ. ಮುಂದಕ್ಕೆ ಹಾರುವುದರ ಸಂವೇಗ ಎಷ್ಟೋ, ಹಿಂದಕ್ಕೆ ಭುಜವನ್ನು ಗುದ್ದುವ ಕೋವಿಯ ಸಂವೇಗವೂ ಅಷ್ಟೇ. ಒಂದು ಔನ್ಸು, ಅಂದರೆ 28 ಗ್ರಾಂ ಛರ್ರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಆರು ಪೌಂಡಿನ ಕೋವಿ ಸೆಕೆಂಡಿಗೆ ನಾಲ್ಕು ಮೀಟರಿಗೂ ಮಿಕ್ಕಿ ಹಿಂದೆ ಒದೆಯುತ್ತದೆ. ಮದ್ದಿನ ಅನಿಲದ ಪಾಲು ಬೇರೆ. ಕೋವಿಯ ತೂಕ ಛರ್ರೆಯ ತೂಕದ 96 ಪಟ್ಟಿರಬೇಕು ಎಂಬ ಸೂತ್ರವೊಂದು ಬರ್ಮಿಂಗ್‌ಹ್ಯಾಮಿನ ಗ್ರೀನರ್ ಹೆಸರಿನಲ್ಲಿ ಬಳಕೆಗೆ ಬಂದಿದೆ. ಔನ್ಸಿಗೆ ಆರು ಪೌಂಡು. ಮುಕ್ಕಾಲು ಔನ್ಸು ಮೀರಿದ ಏಳೆಂಟನೆಯ ಭಾಗಕ್ಕೆ ಐದೂಕಾಲು ಪೌಂಡು. ಲೆಕ್ಕ ಹಾಕಿ ನೋಡಬಹುದು.

ಈ ಮಿತಿಯೊಳಗೇ ಇಂಗ್ಲೆಂಡಿನ ಕುಶಲಕರ್ಮಿಗಳು ಕೈಚಳಕ ತೋರಿದರು. ಚಾರ್ಲ್ಸ್ ಲಂಕಾಸ್ಟರ್ ಸಂಸ್ಥೆ 12 ಬೋರಿನ ಕೋವಿಯನ್ನು 20 ಬೋರಿನಷ್ಟು ಹಗುರಾಗಿ ಮಾಡಿ ‘ಟ್ವೆಲ್ವ್ ಟ್ವೆಂಟಿ’ ಎಂದು ಹೆಸರಿಟ್ಟಿತು. ಉಳಿದವರು 28, 30 ಇಂಚಿನ ನಳಿಗೆ ಮಾಡುತ್ತಿದ್ದಾಗ ಚರ್ಚಿಲ್ ಸಂಸ್ಥೆ 25 ಇಂಚಿಗೆ ಇಳಿಯಿತು. ಎರಡೇ ಇಂಚಿನ ಗಿಡ್ಡ ತೋಟಾಕ್ಕೆಂದು ಮಾಡಿದವು ಇನ್ನೂ ಹಗುರ. ಉಕ್ಕನ್ನು ಎಲ್ಲಿ ಬಿಡಬೇಕು, ಎಲ್ಲಿ ತೆಗೆಯಬೇಕು ಎಂಬುದನ್ನು ಅರವಿಡಿದ ಕೈಗಳೇ ತೀರ್ಮಾನಿಸುತ್ತಿದ್ದವು.

ಆದರೆ ಕೋವಿ ಹಗುರಾಗುವುದಕ್ಕೆ ಇನ್ನೊಂದು ದಾರಿಯಿದೆ, ಮತ್ತು ತಕ್ಕಡಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಹಿಂದಿನ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಸೋದರಬಂಧು. ಮಳೆಗಾಲದಲ್ಲಿ ಉಪ್ಪಿನ ಜಾಡಿ ಒದ್ದೆಯಾಗುವಂತೆ ಅದೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅಂದೇ ತೊಳೆಯದಿದ್ದರೆ ನಳಿಗೆಯೊಳಗೆ ತುಕ್ಕಿನ ಕುಳಿಗಳು. ಕುಳಿ ಹೋಗಲಾಡಿಸಲು ರಿಪೇರಿಯವನು ಒಳಗೆ ಉಜ್ಜಿ ಹೊಳಪು ತರುತ್ತಾನೆ. ಒಳವ್ಯಾಸ ಕೂದಲೆಳೆಯಷ್ಟು ಹಿಗ್ಗಿತು, ಗೋಡೆ ಅಷ್ಟೇ ತೆಳುವಾಯಿತು. ಮುಂದಿನ ಒಡೆಯನೂ ಹಾಗೇ ಮಾಡಿಸುತ್ತಾನೆ. ನೂರು ವರ್ಷ ಕಳೆದ ಮೇಲೆ ಕನ್ನಡಿಯಂತೆ ಥಳಥಳಿಸುವ, ಕೈಗೆ ಹೂವಿನಂತೆ ಬರುವ ಕೋವಿ ಹರಾಜಿಗೆ ಬಂದು ನಿಲ್ಲುತ್ತದೆ. ಅದರ ಗೋಡೆ ಅತಿ ತೆಳುವಾದ ಕಡೆ ಅರ್ಧ ಮಿಲಿಮೀಟರಿಗಿಂತ, ಹೆಬ್ಬೆರಳ ಉಗುರಿಗಿಂತ ಕಡಿಮೆ ದಪ್ಪವಿದ್ದರೆ ತಿಳಿದವರು ಹಿಂದೆ ಸರಿಯುತ್ತಾರೆ. ಗುಂಡು ಹಾರಿಸುವವನ ಎಡಗೈ ಇರುವುದು ಆ ನಳಿಗೆಯ ಕೆಳಗೇ.

ಇದಕ್ಕಾಗಿಯೇ ಬ್ರಿಟನ್ನಿನಲ್ಲಿ ಪ್ರೂಫ್ ಹೌಸ್ ಎಂಬ ಪರೀಕ್ಷಾಲಯಗಳಿವೆ. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ ರಾಜಸನ್ನದು ದೊರೆತದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರ ಕಾಯಿದೆಯಿಂದ ಬಂದದ್ದು. ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ಸಿಡಿಯದೆ ಉಳಿದ ನಳಿಗೆಗೆ ಅಲ್ಲಿ ಮುದ್ರೆ ಒತ್ತುತ್ತಾರೆ. ಆ ಮುದ್ರೆ ಎಂದೆಂದಿಗೂ ಸಲ್ಲುವುದಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಒಳವ್ಯಾಸ ಗೊತ್ತಾದ ಮಿತಿಗಿಂತ ಹಿಗ್ಗಿದರೆ ಮುದ್ರೆ ಇದ್ದೂ ಇಲ್ಲದಂತೆ. ಅಂಥ ಕೋವಿಯನ್ನು ಅಲ್ಲಿ ಮಾರುವುದೇ ಅಪರಾಧ.

ಹೀಗಾಗಿ ಬೆಲೆ ಕಟ್ಟುವವನು ಹೆಸರನ್ನು ಕೊನೆಗೆ ಓದಬೇಕು. ಮೊದಲು ನಳಿಗೆಗಳನ್ನು ಕಳಚಿ, ಬೆರಳಿಗೆ ತೂಗುಹಾಕಿ, ಉಗುರಿನಿಂದ ಬಡಿಯಬೇಕು. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯರು ಮಾಡುವುದೂ ಇದನ್ನೇ! ಗಂಟೆಯಂತೆ ನಾದ ಹೊಮ್ಮಿದರೆ ಎರಡು ನಳಿಗೆಗಳ ಬೆಸುಗೆ ಗಟ್ಟಿ. ಬೊದ್ದೆನ್ನುವ ಸದ್ದು ಬಂದರೆ ಎಲ್ಲೋ ಸಡಿಲ. ಬಳಿಕ ಗೋಡೆಯ ದಪ್ಪವನ್ನು ಮಾಪಕದಿಂದ ಉದ್ದಕ್ಕೂ ಅಳೆಯಬೇಕು. ನಳಿಗೆಯ ತುದಿಯನ್ನೂ ನೋಡಬೇಕು. ಜೋಡು ನಳಿಗೆಗಳು ಮುಂದೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ತುದಿಯಲ್ಲಿ ಅವುಗಳ ನಡುವೆ ಸಂದು ಕಂಡರೆ ಯಾರೋ ಗರಗಸ ಹಾಕಿದ್ದಾರೆಂದು ತಿಳಿಯಬಹುದು. ಹಾಗೂ ಕೋವಿ ಹಗುರಾಗುತ್ತದೆ! ಕೆಲವರು ಹಳೆಯ ಬುಡಕ್ಕೆ ಹೊಸ ಕೊಳವೆ ಜೋಡಿಸುತ್ತಾರೆ. ಅದು ಹಾರಿಸಲು ಯೋಗ್ಯವೇ. ಸಂಗ್ರಹಕಾರನ ಪಾಲಿಗೆ ಬೆಲೆ ಮಾತ್ರ ಬಹಳ ಇಳಿದುಹೋಗುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದ ಹಳೆಯ ವಿಗ್ರಹದಂತೆ, ಅತಿಯಾಗಿ ಹೊಳಪು ಕೊಟ್ಟು ಕೆತ್ತನೆ ಸವೆದುಹೋದ ಕೋವಿಯೂ ಅಷ್ಟೇ. ಇದೆಲ್ಲ ದಾಟಿದ ಮೇಲೆ ಹೆಸರಿನ ಮಾತು. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್ ಎಂದೊಡನೆ ಬೆಲೆ ಗಗನಕ್ಕೇರುತ್ತದೆ. ಅಷ್ಟೇ ಹಗುರಾದ, ಅಷ್ಟೇ ಗಟ್ಟಿಯಾದ ಬರ್ಮಿಂಗ್‌ಹ್ಯಾಮಿನ ಕೋವಿ ಅದರ ಸಣ್ಣದೊಂದು ಪಾಲಿಗೆ ಸಿಗುತ್ತದೆ. ಹೆಸರಿಗೆ ದುಡ್ಡು ತೆರುವುದು ಅವರವರ ಇಷ್ಟ.

ನಮ್ಮ ಕೊಡಗಿನಲ್ಲಿ ಕೋವಿ ಹವ್ಯಾಸದ ವಸ್ತುವಲ್ಲ, ಮನೆತನದ ಆಸ್ತಿ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಮುತ್ತಜ್ಜನಿಂದ ಅಜ್ಜನಿಗೆ, ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂದ ಕೋವಿ ಎಷ್ಟು ಮಳೆಗಾಲ ಕಂಡಿದೆ, ಎಷ್ಟು ಸಲ ಉಜ್ಜಿಸಿಕೊಂಡಿದೆ ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಹಿಂದೆ ಮಾಡಿದ ಹಲವು ಕೋವಿಗಳ ತೋಟಾ ಕೂರುವ ಗೂಡು 65 ಮಿ.ಮೀ. ಉದ್ದದ್ದು, ಇಂದಿನ ತೋಟಾಗಳಲ್ಲಿ ಬಹುಪಾಲು 70 ಮಿ.ಮೀ.ನವು. ಹೊಸ ತೋಟಾ ಹಳೆಯ ಗೂಡಿನಲ್ಲಿ ಕೂತೇಬಿಡುತ್ತದೆ, ಅಲ್ಲೇ ಅಪಾಯ. ಸಿಡಿದಾಗ ಅದರ ತುದಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ತೆಳುವಾದ ನಳಿಗೆಗೆ ಅದು ಬೇಡದ ಹೊರೆ.

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ಸಾಲಾಗಿಟ್ಟು ಪೂಜಿಸುತ್ತಾರೆ. ನಳಿಗೆಗೆ ಕೆಂಪು-ಹಳದಿಯ ತೋಕ್ ಪೂ, ಅಂದರೆ ಕೋವಿ ಹೂವು ಸಿಕ್ಕಿಸುತ್ತಾರೆ. ಮಾಪಕದ ಪರೀಕ್ಷೆಯಲ್ಲಿ ಸೋತ ಹಳೆಯ ಕೋವಿಗೂ ಆ ಸಾಲಿನಲ್ಲಿ ಜಾಗವಿದೆ. ಅದರ ನಳಿಗೆಗೆ ಇನ್ನು ಮುಂದೆ ಹೂವೊಂದನ್ನೇ ಇಡಬೇಕು, ಅಷ್ಟೇ.