ಸೊಳ್ಳೆಯ ಲೆಕ್ಕ, ನೆರೆಯವನ ಹಕ್ಕು

ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 26ನೆಯ ಸೂಕ್ತದಲ್ಲಿ ಅಲ್ಲಾಹನು ಸೊಳ್ಳೆಯ ಉಪಮೆಯನ್ನು ಪ್ರಸ್ತಾಪಿಸಿದ್ದಾನೆ. ಮದ್ರಸದ ಮಕ್ಕಳಿಗೆ ಈ ಸೂಕ್ತವನ್ನು ಬೋಧಿಸುವಾಗಲೆಲ್ಲ ನಮ್ಮ ಮಲೆನಾಡಿನ ಚರಿತ್ರೆ ನನ್ನ ಮನಸ್ಸಿಗೆ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಿರಿಯರಿಗೆ ಚಳಿಜ್ವರ ಸಣ್ಣ ಸಂಗತಿಯಾಗಿರಲಿಲ್ಲ. ಕಾಡಿನ ತೊರೆಗಳ ಅಂಚಿನ ತಿಳಿನೀರಿನಲ್ಲಿ ಹುಟ್ಟುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಅದನ್ನು ಹರಡುತ್ತಿತ್ತು. ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ 1946ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಗಳ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸಲಾಯಿತು. ರಕ್ತ ಹೀರಿದ ಸೊಳ್ಳೆ ಮನೆಯೊಳಗೇ ವಿಶ್ರಮಿಸುತ್ತದೆ ಎಂಬ ತಿಳಿವಳಿಕೆಯೇ ಅದಕ್ಕೆ ಆಧಾರ.

ಕಡಿತವನ್ನು ಅಳೆಯುವ ವಿಧಾನಕ್ಕೂ ಅದೇ ಆಧಾರ. ಮುಂಜಾನೆ ಮಲಗುವ ಕೋಣೆಯ ನೆಲಕ್ಕೆ ಬಿಳಿಯ ಬಟ್ಟೆ ಹಾಸಿ, ಬಾಗಿಲು ಕಿಟಕಿಗಳನ್ನು ಮುಚ್ಚಿ, ಪೈರೆಥ್ರಮ್ ಔಷಧ ಸಿಂಪಡಿಸುತ್ತಾರೆ. ಸುಮಾರು ಹತ್ತು ನಿಮಿಷಗಳ ಬಳಿಕ, ಕೆಳಗೆ ಬಿದ್ದವುಗಳಲ್ಲಿ ಹೊಸದಾಗಿ ರಕ್ತ ಹೀರಿ ಹೊಟ್ಟೆ ಕೆಂಪಾದ ಹೆಣ್ಣು ಸೊಳ್ಳೆಗಳನ್ನು ಎಣಿಸಿ, ಅಲ್ಲಿ ಮಲಗಿದ್ದವರ ಸಂಖ್ಯೆಯಿಂದ ಭಾಗಿಸುತ್ತಾರೆ. ನಾಲ್ವರು ಮಲಗಿದ್ದ ಕೋಣೆಯಲ್ಲಿ ಅಂಥ 12 ಸೊಳ್ಳೆಗಳು ಸಿಕ್ಕರೆ, ಒಬ್ಬೊಬ್ಬರಿಗೆ ರಾತ್ರಿಯೊಂದಕ್ಕೆ ಮೂರು ಕಡಿತಗಳೆಂದು ಅಂದಾಜು. ಕಚ್ಚಿ ಹೊರಗೆ ಹಾರಿಹೋದವು ಈ ಲೆಕ್ಕಕ್ಕೆ ಸಿಗುವುದಿಲ್ಲ. ದನದ ರಕ್ತ ಹೀರಿ ಒಳಬಂದವುಗಳನ್ನು ಗುರುತಿಸಲು ಪ್ರಯೋಗಾಲಯದ ಪರೀಕ್ಷೆ ಬೇಕು.

ಈ ಲೆಕ್ಕದಲ್ಲಿ ಯಜಮಾನ, ಹಸುಗೂಸು, ಅತಿಥಿ ಎಲ್ಲರೂ ಸಮಾನರು. ಆದರೆ ಆ ಸೊಳ್ಳೆ ಯಾರ ಹಿತ್ತಿಲಲ್ಲಿ ಹುಟ್ಟಿತೆಂಬುದನ್ನು ಬಿಳಿಯ ಬಟ್ಟೆ ಹೇಳುವುದಿಲ್ಲ. ಅದನ್ನು ನಮ್ಮ ಅಂತಃಸಾಕ್ಷಿಯೇ ಕೇಳಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಅದು ಹುಟ್ಟುವುದು ದೂರದ ತೊರೆಯಲ್ಲಲ್ಲ. ನಮ್ಮದೇ ಮುಚ್ಚದ ಟ್ಯಾಂಕಿಯಲ್ಲಿ, ಎಸೆದ ಟಯರಿನಲ್ಲಿ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರಿನಲ್ಲಿ. ನಮ್ಮ ಉದಾಸೀನದ ಫಲವನ್ನು ಉಣ್ಣುವುದು ಪಕ್ಕದ ಮನೆಯ ಮಗು.

ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂದು ಪ್ರವಾದಿಯವರು(ಸ) ಆದೇಶಿಸಿದ್ದಾರೆ. ನೆರೆಯವನಿಗೆ ಉಪದ್ರವ ಕೊಡುವವನ ವಿಶ್ವಾಸವು ಅಪೂರ್ಣವೆಂದೂ ಎಚ್ಚರಿಸಿದ್ದಾರೆ. ಮೊಟ್ಟೆಯು ಸೊಳ್ಳೆಯಾಗಲು ಏಳರಿಂದ ಹತ್ತು ದಿನಗಳು ಸಾಕು. ಆದ್ದರಿಂದ ಪ್ರತಿ ಶುಕ್ರವಾರ ಜುಮಾದ ಸ್ನಾನಕ್ಕೆ ಮುನ್ನ ಮನೆಯ ಸುತ್ತ ನಿಂತ ನೀರನ್ನು ಚೆಲ್ಲೋಣ, ತೊಟ್ಟಿಗಳನ್ನು ಉಜ್ಜಿ ತೊಳೆದು ಮುಚ್ಚೋಣ. ಅಣುವಿನಷ್ಟು ಒಳಿತನ್ನೂ ಅಣುವಿನಷ್ಟು ಕೆಡುಕನ್ನೂ ಲೆಕ್ಕವಿಡುವ ಅಲ್ಲಾಹನು, ನೆರೆಯವರ ಹಕ್ಕನ್ನು ಪಾಲಿಸುವ ಸೌಭಾಗ್ಯವನ್ನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.